ಮುಗಿಯದ ಮಂಗಳವಾರ

ಮತ್ತೆ ಅದೇ ನೀಲಿ ಪರದೆ.

"ಒಂಬತ್ತನೇ ಸಲ ಸಾರ್," ಅಂದಳು ಸುಮಿತಾ. ಅವಳ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಕೆಟ್ಟು ಕೂತ ಯಂತ್ರವೊಂದು ಎದುರಿಗಿದ್ದರೆ ಅವಳಿಗೆ ಹಸಿವು, ನಿದ್ದೆ ಎರಡೂ ಮರೆತುಹೋಗುತ್ತವೆ. ನನಗೆ ಎರಡೂ ಚೆನ್ನಾಗಿ ನೆನಪಿದ್ದವು.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದೆ, ಟೈಲರ್ ಅಂಗಡಿಯ ಮೇಲಿರುವ ಅವಳ ಕಂಪ್ಯೂಟರ್ ರಿಪೇರಿ ಕೋಣೆಯಲ್ಲಿ ಬೆಳಗ್ಗೆ ಎಂಟಕ್ಕೆ ಬಂದು ಕೂತವನು ನಾನು. ಈಗ ಹನ್ನೊಂದಾಗಿತ್ತು. ನಾಳೆ ಇದೇ ಹೊತ್ತಿಗೆ ಬಂಗಾರಪೇಟೆಯಲ್ಲಿ ಮುನಿನಾರಾಯಣಪ್ಪ ವಿಚಾರಣಾಧಿಕಾರಿಯ ಎದುರು ನಿಲ್ಲಬೇಕು. ತಪ್ಪು ಒಪ್ಪಿಕೊಂಡರೆ ಅಲ್ಲಿಂದ ಮನೆಗೆ ಬರುವುದಿಲ್ಲ, ಜೈಲಿಗೆ ಹೋಗುತ್ತಾನೆ.

ಹಿಂದಿನದನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಜೂನ್ ಹತ್ತು, ಮಂಗಳವಾರ ರಾತ್ರಿ ಬಂಗಾರಪೇಟೆ ಹತ್ತಿರದ ಒಂದು ಹಾಲಿನ ಶೀತಲ ಕೇಂದ್ರದಲ್ಲಿ ಟ್ಯಾಂಕು ಬೆಚ್ಚಗಾಯಿತು, ಮರುದಿನ ಆ ಹಾಲು ಕುಡಿದ ಹತ್ತೊಂಬತ್ತು ಮಕ್ಕಳು ಆಸ್ಪತ್ರೆ ಸೇರಿದರು, ರಾತ್ರಿಪಾಳಿಯ ಮುನಿನಾರಾಯಣಪ್ಪ ಕೂಲರ್ ಆರಿಸಿ ಮಲಗಿದ್ದನೆಂದು ಊರೆಲ್ಲ ಬೆರಳು ತೋರಿಸಿತು.

ಹದಿನೆಂಟು ಮಕ್ಕಳು ಮನೆಗೆ ಬಂದವು. ಹತ್ತೊಂಬತ್ತನೆಯವಳು ಏಳು ವರ್ಷದ ಲಿಖಿತ. ಮೂತ್ರಪಿಂಡ ಸೋತು ಕೋಲಾರದ ಆಸ್ಪತ್ರೆಯಲ್ಲಿ ಇನ್ನೂ ಮಲಗಿದ್ದಾಳೆ. ಅವಳು ಮುನಿನಾರಾಯಣಪ್ಪನ ಸ್ವಂತ ಮೊಮ್ಮಗಳು, ಮಗಳು ನವ್ಯಳ ಕೂಸು. ನವ್ಯ ಅಪ್ಪನ ಜೊತೆ ಮಾತು ಬಿಟ್ಟು ಮೂರು ವಾರವಾಗಿದೆ.

ಮುನಿನಾರಾಯಣಪ್ಪ ಮಾಡಿದೆನೆಂದೂ ಹೇಳುವುದಿಲ್ಲ, ಮಾಡಿಲ್ಲವೆಂದೂ ಹೇಳುವುದಿಲ್ಲ. ನನ್ನನ್ನು ಈ ಕೆಲಸಕ್ಕೆ ಎಳೆದವಳು ಅವನ ಹೆಂಡತಿ ಮುತ್ಯಾಲಮ್ಮ, ನಮ್ಮೂರ ಹೆಣ್ಣುಮಗಳು.

"ಅಣ್ಣಾ, ಆಯಪ್ಪ ಅಂಗೆ ಮಾಡೋನಲ್ಲ," ಎಂದು ನನ್ನ ಜಗಲಿಯ ಮೇಲೆ ಎರಡು ದಿನ ಕೂತಳು. "ಆದ್ರೆ ಬಾಯಿ ಬಿಡ್ತಾ ಇಲ್ಲ. ನೀನಾದ್ರೂ ಏನಂತ ನೋಡು."

ಮೂವತ್ತೊಂದು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರಾಗಿ ಕೂತು ಕಂಡವರ ದೂರೆಲ್ಲ ಬರೆದವನು ನಾನು, ಕೋದಂಡಪ್ಪ. ನಿವೃತ್ತಿಯಾದ ಮೇಲೆ ದಾರಿಯಲ್ಲಿ ಹೋಗುವ ತಂಟೆಯನ್ನು ಮನೆಗೆ ಕರೆದು ಮಣೆ ಹಾಕುವ ಚಾಳಿ ಹತ್ತಿದೆ. ಇಲ್ಲ ಅನ್ನಲಾಗಲಿಲ್ಲ.

ಆ ಕೇಂದ್ರದಲ್ಲಿ ಒಂದು ಮುದಿ ಕಂಪ್ಯೂಟರಿತ್ತು. ಟ್ಯಾಂಕು ಎಷ್ಟು ತಣ್ಣಗಿದೆ, ಯಾವ ಸ್ವಿಚ್ಚು ಹಾಕಿದೆ, ಯಾವುದು ಆರಿದೆ, ಪಾಳಿಯಲ್ಲಿ ಯಾವ ನಂಬರಿನವರಿದ್ದಾರೆ, ಇಷ್ಟನ್ನು ಬರೆದಿಡುವುದು ಅದರ ಕೆಲಸ. ಆ ರಾತ್ರಿಗೆ ಸಾಕ್ಷಿ ಎಂದರೆ ಅದೊಂದೇ. ಆದರೆ ಹನ್ನೆರಡನೇ ತಾರೀಖಿನ ಸಿಡಿಲಿಗೆ ಅದರ ಬೋರ್ಡು ಸುಟ್ಟುಹೋಯಿತು.

ಒಳಗಿನ ಡಿಸ್ಕು ಉಳಿದಿತ್ತು. ಇಪ್ಪತ್ತನಾಲ್ಕರಂದು ವಿಚಾರಣಾಧಿಕಾರಿ ಅದನ್ನು ಸೀಲು ಮಾಡಿದರು. ನಿನ್ನೆ ಅವರ ಎದುರಿಗೇ ಸುಮಿತಾ ಅದರ ನಕಲು ತೆಗೆದುಕೊಂಡಳು. ದಾಖಲೆ ತೆರೆಯುವ ತಂತ್ರಾಂಶ ಆ ಕಂಪ್ಯೂಟರಿನಲ್ಲೇ ಬೇರು ಬಿಟ್ಟಿತ್ತು, ಕಿತ್ತು ಬೇರೆ ಕಡೆ ನೆಟ್ಟರೆ ಚಿಗುರುವುದಿಲ್ಲ. ಅದಕ್ಕೇ ಸತ್ತ ಕಂಪ್ಯೂಟರನ್ನು ಇಡಿಯಾಗಿ ತನ್ನ ಕಂಪ್ಯೂಟರಿನೊಳಗೆ ಎಬ್ಬಿಸಲು ಹೊರಟಿದ್ದಳು. ಅವಳು ಅದಕ್ಕೆ ವರ್ಚುಯಲ್ ಮಷೀನು ಅನ್ನುತ್ತಾಳೆ. ನಾನು ಸೋಗಿನ ಕಂಪ್ಯೂಟರು ಅಂದೆ, ಅವಳಿಗೂ ಅದೇ ಹಿಡಿಸಿತು.

ಸೋಗು ಹಾಕಿದ ತಕ್ಷಣ ಅದು ಮುಗ್ಗರಿಸಿ ಬೀಳುತ್ತಿತ್ತು.

"ಬೆಳಿಗ್ಗೆ ಬಿದ್ದಿದ್ದು ಬೇರೆ ಕಾರಣಕ್ಕೆ ಸಾರ್," ಅಂದಳು. "ಆಗ ಸೆವೆನ್-ಬಿ ಅಂತ ನಂಬರು ಬಂತು. ಅಂದ್ರೆ ತನ್ನ ಡಿಸ್ಕೇ ತನಗೆ ಸಿಗ್ತಿಲ್ಲ ಅಂತ."

"ಡಿಸ್ಕು ಅದರ ಹೊಟ್ಟೆಯಲ್ಲೇ ಇದೆಯಲ್ಲಮ್ಮ."

"ಐತೆ. ಹಳೇ ಮೈಯಲ್ಲಿ ಡಿಸ್ಕಿಗೆ ಹೋಗೋ ದಾರಿ ಒಂದು, ಹೊಸ ಮೈಯಲ್ಲಿ ಇನ್ನೊಂದು. ಹೊಸ ದಾರಿ ತೋರ್ಸೋ ಡ್ರೈವರು ಒಳಗೇ ಇತ್ತು, ಮಲಗಿತ್ತು. ಹೊರಗಿಂದ ಅದರ ಸೆಟ್ಟಿಂಗೆಲ್ಲ ಇರೋ ರಿಜಿಸ್ಟ್ರಿ ಬಿಚ್ಚಿ, ಮಷೀನು ಏಳೋವಾಗ್ಲೇ ನೀನೂ ಏಳಪ್ಪ ಅಂತ ಬರ್ದಿಟ್ಟೆ. ಅದು ಸರಿಹೋಯ್ತು."

ನನಗೆ ಅರ್ಥವಾಯಿತು. ಬಾಡಿಗೆ ಮನೆ ಬದಲಾಯಿಸಿದ ಮೊದಲ ವಾರ, ಹಳೇ ಅಭ್ಯಾಸದಲ್ಲಿ ಬಚ್ಚಲಿಗೆಂದು ಎಡಕ್ಕೆ ತಿರುಗಿ ಬೀರುವಿಗೆ ಹಣೆ ಚಚ್ಚಿಕೊಂಡವನು ನಾನು.

"ದಾರಿ ಸಿಕ್ಕಿತಲ್ಲ, ಮತ್ತೆ ಯಾಕೆ ಬೀಳ್ತಿದೆ?"

"ಅದೇ ತಮಾಷೆ ಸಾರ್. ಈಗ ನಂಬರು ಸೆವೆನ್-ಇ. ಕೆಳಗೆ ಒಂದು ಫೈಲಿನ ಹೆಸರೂ ಹೇಳ್ತೈತೆ ನೋಡಿ. ಆ ಫೈಲು ಏಳೋಕೆ ಹೋಗಿ ತಾನೂ ಬಿದ್ದು ಎಲ್ಲರನ್ನೂ ಕೆಡವ್ತಾ ಐತೆ."

ಸುಮಿತಾ ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಯಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು. ಆ ಫೈಲನ್ನು ಹುಡುಕುತ್ತಾ ಒಂದಿಷ್ಟು ತೆಲುಗು ಗೊಣಗಿದಳು. ಆಮೇಲೆ ಪರದೆಗೆ ಮುಖ ತಂದು ಒಂದೇ ಸಾಲನ್ನು ಎರಡು ಸಲ ಓದಿದಳು.

"ಏನಮ್ಮ?"

"ಈ ಫೈಲು ಇಲ್ಲಿ ಇರಬಾರದು ಸಾರ್."

"ಯಾಕೆ?"

"ಇದು ಸೋಗಿನ ಕಂಪ್ಯೂಟರಿಗೆ ಮಾತ್ರ ಹಾಕೋ ಡ್ರೈವರು. ನಾನು ಬಳಸೋ ಕಂಪೆನೀದಲ್ಲ, ಇನ್ನೊಂದರದು. ಅದಕ್ಕೇ ನನ್ನ ಹತ್ರ ಬೀಳ್ತಿರೋದು. ನಿಜವಾದ ಕಂಪ್ಯೂಟರಿಗೆ ಇದನ್ನ ಯಾರೂ ಹಾಕಲ್ಲ."

"ಹಾಗಾದರೆ ಎಲ್ಲಿಂದ ಬಂತು?"

"ನನಗಿಂತ ಮುಂಚೆ ಯಾರೋ ಇದಕ್ಕೆ ಸೋಗು ಹಾಕ್ಸಿದ್ದಾರೆ ಸಾರ್. ಎಬ್ಬಿಸಿ, ಒಳಗೆ ಹೋಗಿ, ಏನೋ ಮಾಡಿ, ಅದನ್ನೇ ವಾಪಸ್ ಡಿಸ್ಕಿಗೆ ಬರ್ದಿದ್ದಾರೆ. ಸೋಗು ಕಳಚೋವಾಗ ಇದೊಂದನ್ನ ಬಿಟ್ಟುಬಿಟ್ಟಿದ್ದಾರೆ."

"ಯಾವತ್ತು?"

"ಫೈಲಿನ ತಾರೀಖು ಜೂನ್ ಹತ್ತೊಂಬತ್ತು."

ನನ್ನ ಹಸಿವು ಹಾರಿಹೋಯಿತು. ಹನ್ನೆರಡಕ್ಕೆ ಸುಟ್ಟುಹೋದ ಕಂಪ್ಯೂಟರು ಹತ್ತೊಂಬತ್ತಕ್ಕೆ ಎಲ್ಲೋ ಎದ್ದು ಕೂತಿತ್ತು. ಆ ದಿನಗಳಲ್ಲಿ ಡಿಸ್ಕು ಇದ್ದದ್ದು ಕೇಂದ್ರದ ಸೂಪರ್‌ವೈಸರ್ ಸೆಲ್ವರಾಜನ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅವನೊಬ್ಬನ ಹತ್ತಿರ.

ಸುಮಿತಾ ಆ ಡ್ರೈವರನ್ನು ಏಳದಂತೆ ಮಾಡಿದಳು. ಹತ್ತನೇ ಸಲ ನೀಲಿ ಬರಲಿಲ್ಲ. ಪರದೆಯ ತುಂಬ ಯಾರೋ ಹಾಕಿದ್ದ ಕೋಟಿಲಿಂಗದ ಚಿತ್ರ ಬಂತು. ನಾನು ಗೊತ್ತಿಲ್ಲದೆ ಕೈ ಮುಗಿದೆ, ಅವಳು ನಕ್ಕಳು.

ನಗು ಬಹಳ ಹೊತ್ತು ಉಳಿಯಲಿಲ್ಲ. ಹತ್ತರ ರಾತ್ರಿಯ ದಾಖಲೆ ತೆರೆದಾಗ ಎಂಟು ಗಂಟೆಯಿಂದ ಕೊನೆಯವರೆಗೂ ಪಾಳಿಯಲ್ಲಿ ಇದ್ದದ್ದು ನಂಬರ್ ಮೂರು, ಅಂದರೆ ಮುನಿನಾರಾಯಣಪ್ಪ. ಎರಡು ಗಂಟೆಯವರೆಗೂ ಹಾಲು ನಾಲ್ಕು ಡಿಗ್ರಿ. ಎರಡೂಕಾಲಿಗೆ ಕೂಲರ್ ಆರಿದೆ. ಬೆಳಗ್ಗೆ ಆರರ ಹೊತ್ತಿಗೆ ಹತ್ತೊಂಬತ್ತು ಡಿಗ್ರಿ. ಅವನ ಕೊರಳಿಗೆ ಅಳತೆ ತೆಗೆದು ಹೊಲಿದಂತಿತ್ತು.

"ಯಾರೋ ತಿದ್ದಿದ್ದಾರೆ ಅಂತ ಗೊತ್ತು ಸಾರ್. ಏನು ತಿದ್ದಿದ್ದಾರೆ ಅಂತ ಹೇಗೆ ತೋರಿಸೋದು?" ಅಂದಳು ಸುಮಿತಾ.

ನನಗೆ ಡ್ರೈವರು ಗೊತ್ತಿಲ್ಲ, ರಿಜಿಸ್ಟ್ರಿ ಗೊತ್ತಿಲ್ಲ. ಆದರೆ ಎಂಥ ಕಾಗದ ಕೊಟ್ಟರೂ ರೈಟರನ ಕಣ್ಣು ಮೊದಲು ಹೋಗುವುದು ತಾರೀಖಿಗೆ.

"ಒಂಬತ್ತನೇ ತಾರೀಖಿನ ರಾತ್ರಿ ತೆಗಿ," ಅಂದೆ. ತೆಗೆದಳು. ಹನ್ನೆರಡು ಹೊಡೆದ ತಕ್ಷಣ ತಾರೀಖು ಹತ್ತಾಗಿತ್ತು. "ಎಂಟರದು ತೆಗಿ." ಅಲ್ಲೂ ಹಾಗೇ.

"ಈಗ ಹತ್ತರ ರಾತ್ರಿ ನೋಡು."

ಹನ್ನೆರಡೂಕಾಲು, ತಾರೀಖು ಹತ್ತು. ಎರಡೂಕಾಲು, ತಾರೀಖು ಹತ್ತು. ಐದೂವರೆಗೂ ಹತ್ತು. ಆರು ಗಂಟೆಗೆ ಮಾತ್ರ ಹನ್ನೊಂದು.

"ಅಯ್ಯೋ," ಅಂದಳು ಸುಮಿತಾ ಮೆಲ್ಲಗೆ. "ಕಂಪ್ಯೂಟರು ಹೀಗೆ ಬರೆಯೋಕೆ ಆಗಲ್ಲ ಸಾರ್. ಇದು ಮನುಷ್ಯ ಟೈಪ್ ಮಾಡಿರೋದು."

"ಎಂಥ ಮನುಷ್ಯ ಅಂತಲೂ ಹೇಳಲಾ?"

ಇಲ್ಲಿನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನವರ ಲೆಕ್ಕವೇ ಬೇರೆ. ಹತ್ತರ ರಾತ್ರಿ ಕೆಳಗಿಳಿದವನು ಹನ್ನೊಂದರ ಬೆಳಗ್ಗೆ ಮೇಲೆ ಬಂದರೂ ಆ ಪಾಳಿಯೆಲ್ಲ ಹತ್ತನೇ ತಾರೀಖಿನದೇ. ಮುಂಜಾನೆ ಮೂರಕ್ಕೆ ಆದ ಒಂದು ಕಳವು ಅವರ ಪುಸ್ತಕದಲ್ಲಿ ಹಿಂದಿನ ದಿನದ್ದಾಗಿ, ನಾನು ಬರೆದ ಕೇಸು ಕೋರ್ಟಿನಲ್ಲಿ ಬಿದ್ದುಹೋಗಿ, ಸಾಹೇಬರಿಂದ ಬೈಸಿಕೊಂಡಿದ್ದೆ. ಗಣಿ ಮುಚ್ಚುವವರೆಗೂ ಸೆಲ್ವರಾಜ್ ಅದೇ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ.

ಗೆದ್ದೆ ಅಂದುಕೊಂಡೆ. ಮುತ್ಯಾಲಮ್ಮನಿಗೆ ಫೋನು ಮಾಡಿ, ದಾಖಲೆ ತೆರೆಯಿತು, ಯಾರೋ ತಿದ್ದಿದ್ದಾರೆ, ನಿನ್ನ ಗಂಡ ಬಚಾವ್ ಅಂದೆ. ಅವಳು ಅತ್ತಳು. ಫೋನು ಇಟ್ಟಮೇಲೂ ನನಗೆ ಅದೇ ಸಂತೋಷ.

ಸೆಲ್ವರಾಜ್ ಡ್ಯೂಟಿ ಮುಗಿಸಿ ಊರಿಗಾಂ ಮನೆಗೆ ಬರುವುದು ಮೂರು ಗಂಟೆಗೆ. ಮೂರೂಕಾಲಿಗೆ ಅವನ ಬಾಗಿಲಲ್ಲಿದ್ದೆ.

"ವಾಂಗ ಸಾರ್, ಒಳಗೆ ಬನ್ನಿ," ಎಂದು ಕುರ್ಚಿ ಎಳೆದ. ಐವತ್ತೇಳರ ಆಸಾಮಿ, ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಗುಮಾಸ್ತಿಕೆ ಬಿಟ್ಟು ಇಪ್ಪತ್ತು ವರ್ಷ ದಾಟಿದರೂ ಪೆನ್ನು ಬಿಟ್ಟಿರಲಿಲ್ಲ.

"ಒಂದು ಉಪಕಾರ ಸೆಲ್ವರಾಜ್. ಮಕ್ಕಳು ಹಾಲು ಕುಡಿದರಲ್ಲ, ಅದರ ಹಿಂದಿನ ರಾತ್ರಿ ಎರಡು ಗಂಟೆಗೆ ನೀವು ಎಲ್ಲಿದ್ದಿರಿ? ತಾರೀಖು ಹಾಕಿ ಬರೆದುಕೊಡಿ."

"ಮನೆಯಲ್ಲೇ ಇದ್ದೆ ಸಾರ್, ಮಲಗಿದ್ದೆ." ನನ್ನ ನೋಟ್‌ಬುಕ್ಕಿನಲ್ಲಿ ದುಂಡು ಅಕ್ಷರದಲ್ಲಿ ಬರೆದ. ಹತ್ತು, ಆರು, ರಾತ್ರಿ ಎರಡು ಗಂಟೆ.

"ರಾತ್ರಿ ಎರಡು ಅಂದರೆ ಆಗಲೇ ಹನ್ನೊಂದಾಗಿರಲಿಲ್ಲವೇ?"

ತಾನು ಬರೆದದ್ದನ್ನು ನೋಡಿದ. ನನ್ನನ್ನು ನೋಡಿದ. ಬುದ್ಧಿವಂತ, ಎಲ್ಲಿ ಸಿಕ್ಕಿಬಿದ್ದೆನೆಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.

"ನೀಲಿ ಪರದೆ ನಿಮಗೂ ಬಂತಾ ಸಾರ್?" ಅಂದ.

"ಒಂಬತ್ತು ಸಲ."

"ಮೂರು ದಿನ ನನ್ನ ಪ್ರಾಣ ತಿಂತು. ಫೋನಲ್ಲಿ ವಿಡಿಯೋ ನೋಡ್ಕೊಂಡು, ನಿಲ್ಸಿ ನಿಲ್ಸಿ ಬರ್ಕೊಂಡು ಮಾಡಿದೆ. ಎದ್ದು ಕೂತಾಗ ದೇವ್ರು ಕಂಡಂಗಾಯ್ತು."

ಅವನ ಶಾಂತಿ ನೋಡಿ ನನಗೆ ಮೈ ಉರಿಯಿತು. "ದೇವರೇ? ಒಬ್ಬ ಬಡಪಾಯಿಯ ಕೊರಳಿಗೆ ಹಗ್ಗ ಹಾಕೋಕೆ ಮೂರು ದಿನ ವಿದ್ಯೆ ಕಲಿತೆಯಾ? ಅವನ ಮೊಮ್ಮಗಳು ಅಲ್ಲಿ ಸಾಯ್ತಾ ಮಲಗಿದೆ, ಮಗಳು ಅವನ ಮುಖಕ್ಕೆ ಉಗೀತಾಳೆ. ನಿನಗೆ ಊಟ ಸೇರುತ್ತಾ?"

ಏಕವಚನ ತಾನಾಗಿ ಬಂದಿತ್ತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ತಂದ.

"ಟೈಪ್ ಮಾಡಿದ್ದು ನಾನೇ ಸಾರ್. ಬರೆದಿದ್ದು ನಾನಲ್ಲ. ಇದರಲ್ಲಿ ಹೇಗಿತ್ತೋ ಹಾಗೇ ತುಂಬಿದೆ."

ಅಕ್ಷರ ನನಗೆ ಗುರುತಿತ್ತು. ನಕಲು ಕೇಳುವ ಅರ್ಜಿಗೆ ನಿನ್ನೆಯಷ್ಟೇ ನನ್ನ ಎದುರು ಸಹಿ ಹಾಕಿದ್ದ ಅದೇ ಕೈ, ಬಲಕ್ಕೆ ಬಾಗಿದ ಅದೇ ದಪ್ಪ ಅಕ್ಷರ. "10 ಮಂಗಳವಾರ ರಾತ್ರಿ 2.15. ಕೂಲರ್ ಆರಿಸಿದ್ದು. ನಂಬರ್ 3." ಅದರ ಮೇಲೆ ಎಂಟರಿಂದ ಎರಡರವರೆಗೆ ಎಲ್ಲ ನಾಲ್ಕು ಡಿಗ್ರಿ, ಕೆಳಗೆ ಎರಡೂವರೆ, ಮೂರು, ನಾಲ್ಕು, ಐದೂವರೆ. ಎಲ್ಲವೂ ಮಂಗಳವಾರವೇ. ಕೊನೆಯ ಆರು ಗಂಟೆ ಮಾತ್ರ 11, ಬುಧವಾರ.

ಮುನಿನಾರಾಯಣಪ್ಪನ ಕೈ.

ನಾನು ಅರ್ಧ ಮಾತ್ರ ಸರಿಯಾಗಿ ಓದಿದ್ದೆ. ರೈತನಿಗೆ ಕೋಳಿ ಕೂಗಿ ಬೆಳಕು ಹರಿಯುವವರೆಗೂ ಮಂಗಳವಾರದ ರಾತ್ರಿ ಮಂಗಳವಾರದ್ದೇ. ಗಣಿಯ ಗುಮಾಸ್ತನಿಗೂ ಪಾಳಿ ಮುಗಿಯುವವರೆಗೆ ಅದೇ ತಾರೀಖು. ಒಬ್ಬ ಬರೆದ, ಇನ್ನೊಬ್ಬ ಟೈಪ್ ಮಾಡಿದ. ಗಡಿಯಾರದಲ್ಲಿ ದಿನ ಬದಲಾಗಿದ್ದು ಇಬ್ಬರಿಗೂ ಹೊಳೆದಿರಲಿಲ್ಲ.

"ತನ್ನ ಮೇಲೆ ತಾನೇ ಯಾಕೆ ಬರೆದುಕೊಂಡ?"

ಸೆಲ್ವರಾಜ್ ನೆಲ ನೋಡಿಕೊಂಡು ಹೇಳಿದ. "ಆವತ್ತು ಮುನಿಯಣ್ಣನಿಗೆ ಜ್ವರ ಸಾರ್. ಎಂಟರಿಂದ ಎರಡರವರೆಗೆ ಪಾಳಿಯಲ್ಲಿ ಇದ್ದದ್ದು ನವ್ಯ."

"ಯಾವ ನವ್ಯ?" ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಅವನ ಮಗಳೇ. ಹಗಲು ನಮ್ಮಲ್ಲೇ ಹಾಲು ಪರೀಕ್ಷೆ ಮಾಡ್ತಾಳಲ್ಲ, ಕೆಲಸ ಗೊತ್ತು. ರೂಲ್ಸಿಲ್ಲ, ಆದ್ರೂ ನಾನು ಹೂಂ ಅಂದೆ. ಅಪ್ಪನ ನಂಬರು ಮೂರು ಒತ್ತು ಅಂದಿದ್ದೆ. ಅಭ್ಯಾಸಬಲ, ತನ್ನ ಏಳನ್ನೇ ಒತ್ತಿದಳು."

"ಆಮೇಲೆ?"

"ಹನ್ನೆರಡೂವರೆಗೆ ವೋಲ್ಟೇಜು ಬಿತ್ತು. ಅಂಗಳದ ನೀರಿನ ಮೋಟ್ರು ಆರಿಸ್ತೀನಿ ಅಂತ ಪಕ್ಕದ್ದು ಆರಿಸಿದಳು. ಅದು ಕೂಲರ್‌ದು, ಅಳಿಸೋ ಮುಂಚೆ ದಾಖಲೆಯಲ್ಲಿ ನೋಡಿದೆ. ಮೂರು ಮೋಟ್ರು ಒಟ್ಟಿಗೆ ಕೂಗೋ ಜಾಗ ಸಾರ್, ನಿಂತಿದ್ದು ಯಾವುದು ಅಂತ ಗೊತ್ತಾಗಲ್ಲ. ಎರಡಕ್ಕೆ ಮುನಿಯಣ್ಣ ಬಂದ, ಅವಳನ್ನ ಹಿಂದಿನ ಬೀದಿಯ ಮನೆಗೆ ಕಳಿಸಿದ. ಆಮೇಲೆ ನೋಡಿದ್ರೆ ಕೂಲರ್ ಆರಿದೆ. ಹಾಕಿದ. ಬೆಳಗ್ಗೆಗೆ ಹಾಲು ಮತ್ತೆ ತಣ್ಣಗಾಗಿತ್ತು. ಏನಾಗುತ್ತೆ ಅಂತ ಅದನ್ನ ಹಾಗೇ ಕಳಿಸಿಬಿಟ್ಟ."

"ಅವಳಿಗೆ ಗೊತ್ತಾ?"

"ಇಲ್ಲ. ತನ್ನ ಹೊತ್ತಲ್ಲಿ ಎಲ್ಲ ಸರಿಯಿತ್ತು, ಅಪ್ಪ ಬಂದು ಕೆಡಿಸಿದ ಅಂತಲೇ ಅವಳ ಸಿಟ್ಟು. ಮುನಿಯಣ್ಣ ನನ್ನ ಕಾಲು ಹಿಡ್ಕೊಂಡ ಸಾರ್. 'ಅರ್ಧ ತಪ್ಪು ನಂದೇ ಸೆಲ್ವಣ್ಣ, ಮಿಕ್ಕ ಅರ್ಧಾನೂ ನಂಗೇ ಇರ್ಲಿ. ಮಗೀಗೆ ಇಂಗಾಗಿದ್ದು ತನ್ನ ಕೈಯಿಂದ ಅಂತ ಗೊತ್ತಾದ್ರೆ ಅವ್ಳು ಉಳ್ಯಾಕಿಲ್ಲ' ಅಂದ. ಆ ತಂತ್ರಾಂಶ ಒಂದು ಸಾಲು ತಿದ್ದೋಕೆ ಬಿಡಲ್ಲ. ಪಾಳಿ ಪೂರ್ತಿ ಅಳಿಸಿ, ಕರೆಂಟು ಹೋದಾಗ ಕೈಯಲ್ಲಿ ತುಂಬೋ ಫಾರಂ ಇದೆ, ಅದರಲ್ಲಿ ತುಂಬಿದೆ."

"ನಿನ್ನ ಕೆಲಸವೂ ಉಳೀತು."

"ಅದೂ ನಿಜ. ಇಲ್ಲ ಅನ್ನಲ್ಲ."

ನನಗೆ ಅಳು ಬಂತು. ಅವನ ಎದುರು ಅಳಬಾರದೆಂದು ಕನ್ನಡಕ ಒರೆಸಿಕೊಂಡೆ. ನಾಳೆ ಹನ್ನೊಂದಕ್ಕೆ ನಾನು ಆ ಫೈಲನ್ನೂ ಆ ತಾರೀಖನ್ನೂ ತೋರಿಸಿದರೆ ಮುನಿನಾರಾಯಣಪ್ಪ ಉಳಿಯುತ್ತಾನೆ, ಆದರೆ ಅಳಿಸಿದ್ದು ಯಾರ ಹೆಸರು ಎಂಬ ಪ್ರಶ್ನೆ ಬಂದೇ ಬರುತ್ತದೆ. ತೋರಿಸದಿದ್ದರೆ ಅವನು ಬಯಸಿದ ಜಾಗಕ್ಕೆ ಅವನು ಹೋಗುತ್ತಾನೆ, ಮಗಳು ಅವನನ್ನು ಶಪಿಸುತ್ತಲೇ ಬದುಕುತ್ತಾಳೆ. ಮುತ್ಯಾಲಮ್ಮ ಎರಡು ದಿನ ನನ್ನ ಜಗಲಿಯ ಮೇಲೆ ಕೂತದ್ದು ಇದಕ್ಕೇನಾ?

"ನೀವು ಬುದ್ಧಿವಂತರು ಅಂತ ಗೊತ್ತಿದ್ರೆ ಮೊದಲೇ ಬಂದು ಹೇಳ್ತಿದ್ದೆ ಸಾರ್," ಅಂದ ಸೆಲ್ವರಾಜ್. ಅದು ಹೊಗಳಿಕೆಯಾಗಿರಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸುಮಿತಾ. ತೀರ ತಗ್ಗಿದ ದನಿ.

"ಸಾರ್, ನವ್ಯ ಬಂದಿದ್ದಾರೆ."

"ಯಾಕೆ?"

"ದಾಖಲೆ ತೆರೆದಿದೆ ಅಂತ ನೀವು ಅವರಮ್ಮನಿಗೆ ಫೋನ್ ಮಾಡಿದ್ರಂತಲ್ಲ. ಅಪ್ಪ ಮಾಡಿಲ್ಲ ಅಂತಿದ್ರೆ ನಾನೇ ಕಣ್ಣಾರೆ ನೋಡ್ತೀನಿ ಅಂತ ಬಂದರು."

ಬಾಯಿ ಮುಚ್ಚಿಕೊಂಡಿರಬೇಕಾದವನು ನಾನು. "ತೋರಿಸಬೇಡ," ಅಂದೆ. "ಮಷೀನು ಆರಿಸು."

"ನಾನು ಟೀ ಹೇಳೋಕೆ ಕೆಳಗೆ ಹೋಗಿದ್ದೆ ಸಾರ್. ಅವರಿಗೆ ಆ ತಂತ್ರಾಂಶ ಗೊತ್ತಲ್ಲ, ತಾವೇ ತೆಗೆದು ನೋಡಿಬಿಟ್ಟಿದ್ದಾರೆ."

"ಏನಂದಳು?"

"ಅಪ್ಪನ್ನ ಬೈತಾರೆ ಅಂದ್ಕೊಂಡೆ, ಬೈಲಿಲ್ಲ. ಒಂದೇ ಮಾತು ಕೇಳ್ತಿದ್ದಾರೆ. ಆ ರಾತ್ರಿ ನಾನೂ ಇದ್ದೆ, ಹನ್ನೆರಡೂವರೆಗೆ ಅಂಗಳದ ಮೋಟ್ರು ಆರಿಸಿದ್ದೆ, ಆರಿಸಿದ ಸ್ವಿಚ್ಚೆಲ್ಲ ಬರೆಯೋ ಮಷೀನು ಅದನ್ನ ಯಾಕೆ ಬರ್ದಿಲ್ಲ ಅಂತ. ನಾನು ಏನು ಹೇಳಲಿ?"

ಸೆಲ್ವರಾಜ್ ನನ್ನ ಮುಖ ನೋಡಿಯೇ ಎದ್ದು ನಿಂತ. ಮೂವತ್ತೊಂದು ವರ್ಷ ಬೇರೆಯವರ ಬಾಯಿಂದ ನಿಜ ಹೊರಡಿಸಿದವನು ಒಂದು ಸುಳ್ಳು ಹುಡುಕುತ್ತಾ ನಿಂತಿದ್ದೆ.

ಆ ಕಡೆ ಕುರ್ಚಿ ಸರಿದ ಸದ್ದು. "ಯಾರಕ್ಕ, ಕೋದಂಡ ಮಾವನಾ? ಇಲ್ಲಿ ಕೊಡು," ಎಂಬ ದನಿ. ಫೋನು ಕೈ ಬದಲಾಯಿತು.

"ಮಾವ," ಅಂದಳು ನವ್ಯ. "ನಾನು ಆರಿಸಿದ್ದು ಯಾವ್ ಸ್ವಿಚ್ಚು?"